ಇಂಚಿಗೆ ಹತ್ತು

ಕೌಲ್‌ಬಜಾರಿನ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ
ಹದಿಮೂರನೇ ಮಷೀನು ಊಟದ ಬೆಲ್ಲಿಗೆ ಮುಂಚೆಯೇ ನಿಂತಿತು,
ಒಂದು ಪ್ಯಾಂಟಿನ ಎಡಗಾಲನ್ನು ಅರ್ಧಕ್ಕೆ ಬಿಟ್ಟು.
ಮೋಟರು ಸರಿ. ಪೆಡಲು ಸರಿ.
ಡಬ್ಬಿ ಬಿಚ್ಚಿದರೆ ಹಸಿರು ಬೋರ್ಡಿನ ಅಂಚಿಗೆ
ಬಿಳಿ ಪ್ಲಾಸ್ಟಿಕ್ಕಿನದೊಂದು ತುಂಡು, ಒಂದು ಮೂಲೆ ಕಂದಿ ಕರಗಿ
ಸುಟ್ಟ ಗುಂಡಿಯ ವಾಸನೆ.

ಬೆರಳು ಇಟ್ಟೆ. ಹೆಸರು ಬರಲಿಲ್ಲ.

ಮೌಲಾಲಿ ಉಸ್ತಾದರಿದ್ದಾಗ ಹೆಸರು ಬೇಕಿರಲಿಲ್ಲ.
'ದವಡಿ' ಅಂದರೆ ತಿರುಪಿನ ಸಾಲು.
'ಮುಳ್ಳು' ಅಂದರೆ ಬೋರ್ಡಿನಿಂದ ಎದ್ದು ನಿಂತ ಪಿನ್ನು.
'ಟೊಪಗಿ' ಅದರ ತಲೆಗೆ ಕೂರುವ ಗೂಡು.
'ಬಾಯಿ ಮುಚ್ಚು' ಅಂದರೆ
ತಂತಿಯ ತುದಿಗೆ ಹಿತ್ತಾಳೆ ಚಿಪ್ಪು ಹಾಕಿ ಇಕ್ಕಳದಲ್ಲಿ ಅದುಮು ಅಂತ.
ಅದು ಗೊತ್ತಿಲ್ಲದೆ ಮೊದಲ ವಾರ
ಬಾಯಿ ಮುಚ್ಚಿಕೊಂಡೇ ಕೂತಿದ್ದೆ.
ಈಗ ಅವರು ಗುಂತಕಲ್ಲಿನಲ್ಲಿ, ಮಗಳ ಮನೆಯಲ್ಲಿ,
ಫೋನಿಗೆ ಕಿವಿ ಕೇಳದು.

ಹೈದರಾಬಾದಿನ ಅಂಗಡಿಗೆ ಫೋನು ಹಚ್ಚಿ
'ಒಂದು ದವಡಿ ಬೇಕಿತ್ತರೀ' ಅಂದೆ.
ಆ ಕಡೆ ಒಬ್ಬ ಹುಡುಗ, ಬಾಯಲ್ಲೇನೋ ಜಗಿಯುತ್ತಿದ್ದ:
'ಟರ್ಮಿನಲ್ ಬ್ಲಾಕಾ, ಕನೆಕ್ಟರಾ?'
ಎರಡೂ ಒಂದೇ ಅಲ್ಲೇನಪಾ?
'ಎಲ್ಲಿ ಒಂದು, ಅಕ್ಕಾ?
ತಂತಿ ಬರಿಮೈಲಿ ಬಂದು ತಿರುಪಿನ ಕೆಳಗೆ ಸಿಕ್ಕರೆ ಬ್ಲಾಕು.
ಗೂಡು ಕಟ್ಟಿಕೊಂಡೇ ಬಂದು ಚುಚ್ಚಿಕೊಂಡರೆ ಕನೆಕ್ಟರು.
ಬೋರ್ಡಿಗೆ ಬೆಸೆದದ್ದು ಹೆಡರು,
ತಂತಿ ಕಡೆದು ಹೌಸಿಂಗು, ಅದರೊಳಗೆ ಕ್ರಿಂಪು.
ನಿಮ್ಮದು ಯಾವುದು ಸುಟ್ಟಿದ್ದು?'

ಹೆಡರು, ಅಂದೆ. ಬಾಯಿಗೆ ಹೊಸದು.
ಮೂವತ್ತೆರಡರ ಸೊಂಟದ ಲೇಬಲ್ಲಿನ ಹಿಂದೆ ಬರೆದುಕೊಂಡೆ.

'ಗಂಡಾ ಹೆಣ್ಣಾ?'
ಸ್ಪೀಕರಿಗೆ ಹಾಕಿದ್ದೆ. ಇಡೀ ಸಾಲು ಪೆಡಲು ಬಿಟ್ಟಿತು.
'ಹೆಣ್ಣೇ ಕಳಿಸು ಅನ್ನಕ್ಕ, ದುಡಿಯೋವು ಅವೇ'
ಎಂದಳು ಮಾಬುನ್ನಿ. ಹುಲಿಗೆಮ್ಮ ಕತ್ತರಿ ಬೀಳಿಸಿ ನಕ್ಕಳು.
ಚಾಚಿದ್ದು ಗಂಡಂತೆ, ಹಿಡಿದದ್ದು ಹೆಣ್ಣಂತೆ.
ಗಂಡು ಪಿನ್ನಿನ ಸುತ್ತ ಹೆಣ್ಣಿನ ಹಾಗೆ ಗೋಡೆ ಇದ್ದರೆ?
ಅಲ್ಲಿ ಅವನೂ ತಡವರಿಸಿದ,
'ಅದು ಹಂಗೇ ಅಕ್ಕಾ' ಅಂದ.

'ಪಿಚ್ ಎಷ್ಟು?'
ಪಿಚ್ಚು ಅಂದರೆ ನನಗೆ ಹುಡುಗರು ಕ್ರಿಕೆಟ್ಟಾಡುವ ಜಾಗ.
'ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ.
ಎರಡು ಮಿಲಿಮೀಟರಾ, ಎರಡು ಐವತ್ನಾಲ್ಕಾ,
ಮೂರು ತೊಂಬತ್ತಾರಾ?'

ಮಿಲಿಮೀಟರು ನನ್ನ ಕಣ್ಣಿಗೆ ಸಿಕ್ಕುವುದಲ್ಲ.
ನನ್ನ ಕಣ್ಣಿಗೆ ಸಿಕ್ಕುವುದು ಹೊಲಿಗೆ.
ನಿಂತುಹೋದ ಎಡಗಾಲನ್ನೇ ಎಳೆದು
ಬೋರ್ಡಿನ ಪಕ್ಕಕ್ಕೆ ಮಲಗಿಸಿದೆ.
ಹನ್ನೊಂದು ಪಿನ್ನು.
ಸೂಜಿ ಇಳಿದ ಒಂದೊಂದು ತೂತಿಗೆ ಎದುರಾಗಿ ಒಂದೊಂದು,
ಮೊದಲನೆಯದರಿಂದ ಕೊನೆಯದರವರೆಗೆ,
ಯಾರೋ ಒಬ್ಬಳೇ ಕೂತು ಎರಡನ್ನೂ ಹೊಲಿದ ಹಾಗೆ.

'ಇಂಚಿಗೆ ಹತ್ತು' ಅಂದೆ.
'ಏನು ಹತ್ತು?'
'ಹೊಲಿಗೆ.'
ಅವನು ಜಗಿಯುವುದು ನಿಲ್ಲಿಸಿದ. ಎಲ್ಲೋ ಲೆಕ್ಕ ಒತ್ತಿದ.
'ಎರಡು ಐವತ್ನಾಲ್ಕು' ಅಂದ, ಮೆತ್ತಗೆ.
ಆಮೇಲೆ, 'ಎರಡೂವರೆದೂ ಒಂದು ಬರ್ತದೆ, ಅದೂ ಹಾಕಿರ್ತೀನಿ,
ನಿಮ್ಮ ಹೊಲಿಗೆ ಸುಳ್ಳಾಡಿದರೆ ಇರಲಿ.'

ಮೂರನೇ ದಿನ ಬಸ್ಸಿನಲ್ಲಿ ಪೊಟ್ಟಣ ಬಂತು.
ಎರಡೂವರೆಯದು ನಾಲ್ಕು ಪಿನ್ನಿನ ತನಕ ಒಳ್ಳೆಯ ಹುಡುಗಿ,
ಎಂಟನೆಯದಕ್ಕೆ ಹೆಗಲು ಕೊಟ್ಟು ನಿಂತಿತು.
ಇನ್ನೊಂದು ಹಾಗೇ ಇಳಿಯಿತು.
ಬೆಸುಗೆ ಹಾಕಿ, ಟೊಪಗಿ ಒತ್ತಿದೆ.
ಟಕ್ ಅಂತು. ಆ ಟಕ್ಕಿಗೂ ಒಂದು ಹೆಸರಿರಬೇಕು, ಕೇಳಲಿಲ್ಲ.

ಸಂಜೆ ಗುಂತಕಲ್ಲಿಗೆ ಫೋನು ಮಾಡಿ ಕೂಗಿದೆ:
ಉಸ್ತಾದ್, ಅದು ದವಡಿ ಅಲ್ಲವಂತೆ, ಹೆಡರಂತೆ!
'ಯಾರು?'
ಹೆಡರ್! ಹೆಡರ್!
'ಹೈದರಾ? ಇಸ್ತ್ರಿ ಅಂಗಡಿ ಹೈದರಾ?
ಹೆಂಗದಾನ?'

ಸರಿ ಕೂತಾನ ಉಸ್ತಾದ್, ಅಂದೆ.
ಚೆನ್ನಾಗದಾನ.