ಗೂಡಿನ ಚೀಟಿಯ ಬೆನ್ನ ಮೇಲೆ

ಷಂಷಾದು,
ಇದು ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಚೀಟಿ. ಮುಂದೆ ತೂಕ, ರೇಟು.
ಬೆನ್ನು ಖಾಲಿ ಐತೆ ಅಂತ ಬರೀತಿದೀನಿ.
ಏಳನೇ ಕ್ಲಾಸಿನ ಅಕ್ಷರ, ನಿನ್ನ ಮೊಮ್ಮಗನ ಕೈಲಿ ಓದಿಸು.
ಅವನು ನಗಾಡಿದರೆ ನಗಾಡಲಿ ಬಿಡು,
ಆ ಮನೇಲಿ ಯಾರಾದರೂ ನಗಬೇಕಲ್ಲ.

ಎರಡೇ ಬೀದಿ. ಒಂದೆಲೆ ಅಗಿಯೋ ಹೊತ್ತಿನ ದಾರಿ.
ಬರಲಿಲ್ಲ ನಾನು.
ಪುರುಡಿನ ಮನೆಯಿಂದ ಸಾವಿನ ಮನೆಗೆ ಹೋಗಬಾರದಂತೆ,
ಹಸುಗೂಸಿಗೆ ಎರೆಯೋ ಕೈ ನಿನ್ನ ಕೈ ಹಿಡೀಬಾರದಂತೆ.
ಬೀಗಿತ್ತಿ ಬಾಗಿಲಲ್ಲೇ ಮಣೆ ಹಾಕ್ಕೊಂಡು ಕೂತವ್ಳೆ.
ನಿನಗೋ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟೋ ಹಂಗಿಲ್ಲ.
ಒಂದೇ ಬಾಣಲೆಯ ಕುದಿನೀರಿಗೆ
ಇಪ್ಪತ್ತೆರಡು ವರ್ಷ ಕೈ ಅದ್ದಿದೋರು,
ಈಗ ನೀನಲ್ಲಿ ಒಳಗೆ, ನಾನಿಲ್ಲಿ ಒಳಗೆ.

ಹೆಂಗೆ ಗೊತ್ತಾಯ್ತು ಅಂತ ಹೇಳ್ತೀನಿ.
ಗೌರ್ಮೆಂಟ್ ಆಸ್ಪತ್ರೆ, ಹೆರಿಗೆ ವಾರ್ಡಿನ ಹೊರಗೆ
ತೊಡೆ ಮೇಲೆ ಫ್ಲಾಸ್ಕು, ಚೀಲದಲ್ಲಿ ಹಳೇ ಸೀರೆ ತುಂಡು.
ಒಳಗೆ ನಾಗವೇಣಿ ಕೂಗ್ತಾವ್ಳೆ.
ಮಸೀದಿ ಮೈಕು ಕರಕರ ಅಂತು. ಬಾಂಗಿನ ಹೊತ್ತಲ್ಲ.
ನಿಮ್ಮ ಭಾಷೆ ನನಗೆ ಅಷ್ಟಕ್ಕಷ್ಟೆ,
ಹೆಸರು ಮಾತ್ರ ತಿಳೀತು.
ಅಮೀರ್ ಜಾನ್. ಚರಕ ರಿಪೇರಿ ಅಮೀರ್ ಜಾನ್.
ಇನ್ನೊಂದು ಸಲ ಹೇಳಿದರು, ಕೇಳಿಸದೇ ಇದ್ದೋರಿಗೆ.
ಎದ್ದು ನಿಂತೆ. ಎಲ್ಲಿಗೆ ಅಂತ ತಿಳೀದೆ ಕೂತೆ.
ಆಗಲೇ ನರ್ಸು ಬಾಗಿಲು ತೆಗೆದು ‘ಹೆಣ್ಣು’ ಅಂದಳು,
ನನ್ನ ಮುಖ ನೋಡಿ
‘ಏನಮ್ಮ, ಹೆಣ್ಣು ಹುಟ್ಟಿದರೆ ಅಳ್ತಾರಾ ಈ ಕಾಲದಲ್ಲಿ?’
ಬೈಸ್ಕೊಂಡೆ.

ನಮ್ಮೋರು ಮಣ್ಣಿಗೆ ಬಂದಿದ್ದರು.
ಬೀಗಿತ್ತಿ ಅಡ್ಡ ನಿಂತರೆ, ಪುರುಡು ಹೆಂಗಸರದು ಅಂತ
ತಾವೇ ಒಂದು ಶಾಸ್ತ್ರ ಕಟ್ಟಿ ಚಪ್ಪಲಿ ಮೆಟ್ಟಿದರು.
ಅಲ್ಲಿ ಕೇಳಿದರಂತೆ:
ತೀರಿಕೊಂಡೋರಿಂದ ಯಾರಿಗಾದರೂ ಬಾಕಿ ಬರಬೇಕಾ, ಈಗಲೇ ಹೇಳಿ.
ಯಾರೂ ಬಾಯಿ ಬಿಡಲಿಲ್ಲವಂತೆ.
‘ಅವರಿಗೆ ಯಾರು ಕೊಡಬೇಕು ಅಂತ ಕೇಳಲೇ ಇಲ್ಲ ಕಣೇ,
ಕೇಳಿದ್ದರೆ ಅರ್ಧ ಊರು ಕೈ ಎತ್ತಬೇಕಿತ್ತು’
ಅಂದು ಕಾಲು ತೊಳೆದರು. ಆ ರಾತ್ರಿ ಉಣ್ಣಲಿಲ್ಲ.
ನಮ್ಮದೂ ಐತೆ, ಆರುನೂರು, ಯುಗಾದಿ ಮುಂಚೆ ಬೇರಿಂಗ್ ಹಾಕಿಸಿದ್ದು.
ಕೊಡೋಕೆ ಹೋದಾಗೆಲ್ಲ
‘ಮೊಮ್ಮಗು ಬರಲಿ ಪಿಳ್ಳಕ್ಕ, ಬಡ್ಡಿ ಸೇರಿಸಿ
ಮೈಸೂರು ಪಾಕಲ್ಲಿ ವಸೂಲು ಮಾಡ್ತೀನಿ’ ಅನ್ನೋರು.
ಬಂತಲ್ಲ, ಅಮೀರಣ್ಣ.

ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ
ಒಳಗೆ ಹುಳ ಹೆಂಗೈತೆ ಅಂತ ಹೇಳೋರು ಅವರು.
ಎರಡೂವರೆ ಕೇಜಿ ಕೂಸು. ಬಲಗಿವಿ ಚೂರು ಮಡಚಿಕೊಂಡೈತೆ,
ಎಣ್ಣೆ ಹಚ್ಚಿ ತೀಡಿದರೆ ಸರಿಹೋಗ್ತದಂತೆ.

ಇನ್ನೇನು ಸುದ್ದಿ.
ಮುನಿಕೃಷ್ಣ ಲೈಸೆನ್ಸ್ ಟೆಸ್ಟಲ್ಲಿ ಮೂರನೇ ಸಲ ಕಂಬಕ್ಕೆ ಮುಟ್ಟಿಸಿದ.
ನಮ್ಮ ಬಾಣಲೆ ನಾಲ್ಕು ದಿನದಿಂದ ತಣ್ಣಗೈತೆ.
ಕೈ ಬಿಳಿಚಿದ್ದು ಇಳಿದು ಬೆರಳ ತುದೀಲಿ ಗೆರೆ ಕಾಣ್ತಾವೆ,
ರೇಷನ್ ಅಂಗಡಿ ಮಿಷನ್ನು ಈ ತಿಂಗಳು ನನ್ನ ಒಪ್ಪಿಕೊಂಡರೂ ಒಪ್ಪಿಕೊಂಡೀತು.

ಇದನ್ನೆಲ್ಲ ನಿನಗೆ ಬರೀಬೇಕಾ ಅಂತ
ಎರಡು ದಿನ ಚೀಟಿ ದಿಂಬಿನ ಕೆಳಗೇ ಇತ್ತು.
ನಿನಗಲ್ಲದೆ ಇನ್ಯಾರಿಗೆ ಹೇಳಲಿ.
ಸಮಾಧಾನ ಮಾಡ್ಕೋ ಅನ್ನಲ್ಲ.
ನಮ್ಮಮ್ಮ ಹೋದಾಗ ನೀನೂ ಅನ್ನಲಿಲ್ಲ,
ಪಕ್ಕ ಕೂತು ಅವರೇಕಾಯಿ ಸುಲಿದೆ,
ಎರಡು ಮೊರ.

ಲೆಕ್ಕ ಹಾಕಿದೀನಿ.
ನಾಲ್ಕು ತಿಂಗಳು ಹತ್ತು ದಿನಕ್ಕೆ ಕೂಸು ಬೋರಲು ಬಿದ್ದಿರ್ತದೆ.
ಬೋರಲು ಬಿದ್ದರೆ ಬೊಬ್ಬಟ್ಟು ಮಾಡಬೇಕು ನಮ್ಮಲ್ಲಿ.
ನೀನು ಬರೋ ತನಕ ಬೇಳೆ ನೆನೆಹಾಕಲ್ಲ,
ಬೀಗಿತ್ತಿ ಏನಾದರೂ ಅನ್ಕೊಳ್ಳಲಿ.

ಹುಡುಗನ ಕೈಲಿ ಹಿತಕಿದ ಬೇಳೆ ಸಾರು ಕಳಿಸಿದೀನಿ.
ಉಪ್ಪು ನೋಡಿಲ್ಲ.
ಡಬ್ಬಿ ಖಾಲಿ ಕಳಿಸಬಾರದು ಅಂತ
ಎದ್ದು ಸಕ್ಕರೆ ಹುಡುಕಬೇಡ.
ಈ ಸಲ ಖಾಲೀನೇ ಕಳಿಸು.