ಬಾರದಾನ

ಕೂತುಕೊಳ್ಳಿ. ಬೆನ್ನಿಗೆ ಒರಗು ಇರಲಿ, ಪಾದ ನೆಲಕ್ಕೆ ತಾಗಲಿ.
ಐದು ನಿಮಿಷ ಮಾತು ಬೇಡ.
ಮೂರು ಸಲ ನೋಡುತ್ತೇನೆ; ಮೊದಲನೆಯದನ್ನು ಬಿಟ್ಟು
ಉಳಿದೆರಡರ ಸರಾಸರಿ. ನಿಯಮ ಹಾಗಿದೆ.
ಅರಸೀಕೆರೆಯ ಆರು ವಾರ್ಡು, ಸಾವಿರದ ನೂರ ಹನ್ನೆರಡು ತೋಳು,
ಐದು ವರ್ಷದ ಅಧ್ಯಯನ.
ರೈಲ್ವೆ ಗೇಟಿನಾಚೆ ನನ್ನ ಹೆಸರೇ ಪ್ರೆಶರಮ್ಮ.

ಆ ಐದು ನಿಮಿಷ ಯಾರಿಂದಲೂ ಆಗುವುದಿಲ್ಲ.
ಬೀಡಿ ಕಟ್ಟುವ ಜೈತುನ್‌ಬಿ, ಬೆರಳಿಗೆ ಎಲೆಯಿಲ್ಲದೆ,
ಸೆರಗಿನ ಅಂಚನ್ನೇ ಸುರುಳಿ ಸುತ್ತುತ್ತಾಳೆ.
ಹೋಟೆಲಿನ ಅನಂತಯ್ಯನವರಿಗೆ ಒಳಗೆ ಹಾಲು ಉಕ್ಕೀತೆಂಬ ಧ್ಯಾನ;
ಆ ಹಾಲಿಗೇ ಮೇಲಿನಂಕೆ ಹನ್ನೆರಡು ಏರುತ್ತದೆ.

ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಜೇನುಕಲ್ಲಪ್ಪ ಮಾತ್ರ
ಅಲ್ಲಾಡದೆ ಕೂತಿದ್ದ.
ಪಟ್ಟಿ ಉಬ್ಬಿತು, ಇಳಿಯಿತು.
ನೂರ ಎಪ್ಪತ್ತೆಂಟು, ನೂರ ನಾಲ್ಕು.
ಬಗ್ಗಿ ಯಂತ್ರದ ಮುಖ ನೋಡಿ ಕೇಳಿದ:
"ಇದ್ರಲ್ಲಿ ಬಾರದಾನ ಎಷ್ಟ್ ಕಳೀತೀರಮ್ಮ?"

ಚೀಲಕ್ಕೂ ತೂಕವಿದೆ; ಅದನ್ನು ಕಳೆದ ಮೇಲೆ ಕೊಬ್ಬರಿಯ ತೂಕ.
ಮೂವತ್ತು ವರ್ಷ ಕಳೆಯುತ್ತಲೇ ಬಂದವನು.
"ಬಿಸ್ಲಲ್ಲಿ ಬಂದಿವ್ನಿ, ಒಂದಿಪ್ಪತ್ತು ಬಿಡಿ.
ಬೆಳಗ್ಗೆ ಸಾವ್ಕಾರ ಕೂಗಾಡ್ದ, ಇನ್ನೊಂದಿಪ್ಪತ್ತು.
ನಿಮ್ಮನ್ನ ಕಂಡು ಎದ್ರಿಕೆ, ಅದ್ಕೊಂದತ್ತು.
ಉಳಿದಿದ್ದು ನೂರ ಇಪ್ಪತ್ತೆಂಟು. ಸರಿಯಾಗೇ ಐತಲ್ಲ?"
ಇಬ್ಬರೂ ನಕ್ಕೆವು.

ತಲೆನೋವು? ಇಲ್ಲ. ಕಣ್ಣು ಮಂಜು? ಇಲ್ಲ.
ತಿಂಗಳಿಗೆ ಉಪ್ಪು ಎಷ್ಟು?
ಎರಡು ಪಾಕೀಟು, ಅಂದಳು ಮಲ್ಲಕ್ಕ ಒಳಗಿನಿಂದ. ಇರುವುದು ಮೂರೇ ಜನ.
ಚೀಟಿ ಬರೆದೆ: ವಾರದೊಳಗೆ ಆಸ್ಪತ್ರೆಗೆ ತೋರಿಸುವುದು.
ಚೀಟಿ ಕೊಡುವಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ.
ಪಕ್ಕದ ಮನೆಯ ಕದ ತಟ್ಟಿದೆ.

ನಮ್ಮ ನಮೂನೆಯಲ್ಲಿ ಲಕ್ವ ಎಂಬ ಮಾತಿಲ್ಲ.
ಹದಿನಾಲ್ಕನೆಯ ಕಲಮು: ಘಟನೆ.
ಹೌದು, ಇಲ್ಲ. ಹೌದಾದರೆ ದಿನಾಂಕ, ವೇಳೆ.

ಹರಾಜಿನ ದಿನ, ಬೆಳಿಗ್ಗೆ ಹತ್ತೂವರೆ.
ಐವತ್ತೊಂದು, ಎಂದು ಕೂಗಿದನಂತೆ.
ಮುಂದಿನ ಚೀಲಕ್ಕೂ ಐವತ್ತೊಂದು.
ಅದರ ಮುಂದಿನದಕ್ಕೂ.
ಹಮಾಲರು ನಕ್ಕರಂತೆ: ಏನ್ ಜೇನಣ್ಣ, ಒತ್ತಾರೆಗೇ ಏರ್ಸಿದೀಯಾ?
ಕೊಕ್ಕೆ ಕೈಯಿಂದ ಜಾರಿತು. ಬಾಯಿ ಒಂದು ಕಡೆ ಇಳಿಯಿತು,
ಒಂದೇ ತಟ್ಟೆಗೆ ಕಲ್ಲಿಟ್ಟ ತಕ್ಕಡಿ.
ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಅಂಗೈಗೆ ಎಣ್ಣೆ ತಿಕ್ಕಿದರು,
ನೆರಳಲ್ಲಿ ಮಲಗಿಸಿದರು, ಎದ್ದಾನು ಎಂದು.
ಹಾಸನ ಮುಟ್ಟಿದಾಗ ಸಂಜೆ ನಾಲ್ಕು.
ಸೂಜಿ ಕೊಡುವ ಹೊತ್ತು ಮೀರಿತ್ತು.

ಮೂರನೆಯ ಸುತ್ತಿಗೆ ಹೋದೆ.
ಹಿಂದೆ ನೋಡಿದ ತೋಳನ್ನೇ ನೋಡಬೇಕೆಂದು ನಿಯಮ.
ಹಿಂದಿನದು ಬಲ. ಬಲದ್ದು ಅವನ ತೊಡೆಯ ಮೇಲೆ
ಯಾರೋ ಇಟ್ಟು ಮರೆತ ಸಾಮಾನು.
ಡಾಕ್ಟರಿಗೆ ಫೋನು ಮಾಡಿದೆ.
ಎಡಗೈ ತಗೊಳ್ಳಿ, ಷರಾ ಬರೀರಿ, ಎಂದರು.
ಐದು ನಿಮಿಷ ಮಾತು ಬೇಡ, ಎನ್ನಲು ಬಾಯಿ ತೆರೆದವಳು
ಮುಚ್ಚಿಕೊಂಡೆ.

ನೂರ ಇಪ್ಪತ್ತೆಂಟು.
ದಿನಕ್ಕೆ ಎರಡು ಮಾತ್ರೆ ಈಗ, ಉಪ್ಪು ಒಂದೇ ಪಾಕೀಟು.
ಅವನು ಯಂತ್ರದ ಮುಖ ನೋಡಿದ, ನನ್ನ ಮುಖ ನೋಡಿದ.
"ಐವತ್ತೊಂದು," ಎಂದ, ಕಷ್ಟಪಟ್ಟು.
ಉಳಿದಿರುವುದು ಅದೊಂದೇ, ಎಲ್ಲದಕ್ಕೂ: ನೀರಿಗೆ, ಹಸಿವಿಗೆ, ನನಗೆ.

ಮಲ್ಲಕ್ಕ ಡಬ್ಬಿಯಿಂದ ಚೀಟಿ ತಂದಳು. ನನ್ನದೇ ಅಕ್ಷರ.
ಬೆನ್ನಿಗೆ ಅವನದು: ಚೀಲಗಳ ತೂಕ ಸಾಲಾಗಿ,
ಕೆಳಗೆ ಗೆರೆ, ಗೆರೆಯ ಕೆಳಗೆ ಮೊತ್ತ.
ಅಲ್ಲೇ ನಿಂತು ಕೂಡಿದೆ. ಒಂದೂ ತಪ್ಪಿಲ್ಲ.

ವರದಿಯಲ್ಲಿ ಒತ್ತಡ ಏರಿದಂತೆ ಗೆರೆ ಏರುತ್ತದೆ.
ಅದರ ಮೇಲ್ತುದಿಯಲ್ಲೊಂದು ಚುಕ್ಕಿ; ಅವನೇ ಎಂದು ನಾನು ನಂಬಿದ್ದೇನೆ.
ಚುಕ್ಕಿಗೆ ಬಾರದಾನವಿಲ್ಲ.

ಇವತ್ತು ಜೈತುನ್‌ಬಿಗೆ ನೂರ ಅರವತ್ತಾರು.
ಚೀಟಿ ಬರೆದೆ, ಎದ್ದಿಲ್ಲ.
ಚಪ್ಪಲಿ ಮೆಟ್ಟಿಕೊಳ್ಳಿ, ನಾನೂ ಬರ್ತೀನಿ, ಅಂದೆ.
ಇದೊಂದು ಕಟ್ಟು ಮುಗೀಲಿ, ಅಂತಾಳೆ.
ಮೊರದ ತುಂಬ ಎಲೆ.
ಹೊಸ್ತಿಲ ಮೇಲೆ ಕೂತಿದ್ದೇನೆ.
ಬೆನ್ನಿಗೆ ಒರಗಿಲ್ಲ.