ಕುರ್ಚಿ ತೆಗೆಯುವ ಕೆಲಸ

ಸಂಜೆ ನಾಲ್ಕಕ್ಕೆ ನಾವು ಹಾಲಿನಿಂದ ಕುರ್ಚಿ ತೆಗೆಯುತ್ತೇವೆ,
ಇನ್ನೂರ ಹನ್ನೆರಡು, ಆರಾರು ಪೇರಿಸಿ,
ತಳ್ಳುಗಾಡಿಯಲ್ಲಿ ಹಿಂದಿನ ಲಿಫ್ಟಿಗೆ.
ಇವತ್ತು ಔಷಧ ಕಂಪನಿಯ ಔತಣ.
ಕ್ಯಾಪಿಟಲ್ ಇಲ್ಲಿಂದ ಆರು ನಿಮಿಷದ ನಡಿಗೆ,
ಅವರು ಕಾರಲ್ಲೇ ಬರುತ್ತಾರೆ.

ಹೊಸ ಹುಡುಗ ಎಝಕಿಲ್ ಕೇಳಿದ:
ಅಷ್ಟು ದೊಡ್ಡವರನ್ನು ಕರೆದು ನಿಲ್ಲಿಸೋದಾ?
ನನಗೆ ಯಾರೋ ಹೇಳಿಕೊಟ್ಟ ಹಾಗೇ ಹೇಳಿಕೊಟ್ಟೆ:
ಕೂತು ತಿಂದರೆ ಊಟ. ಊಟ ಅಂದರೆ ಉಡುಗೊರೆ.
ಉಡುಗೊರೆಗೆ ಕಾನೂನಿದೆ.
ನಿಂತು, ಹಲ್ಲುಕಡ್ಡಿಗೆ ಚುಚ್ಚಿಕೊಂಡು ತಿಂದರೆ
ಬರೀ ಬಾಯಾಡಿಸಿದ್ದು.
ಮರೆತು ಫೋರ್ಕು ಇಟ್ಟೀಯ, ಜೋಕೆ.

ಕುರ್ಚಿಗೆ ಅಂತಲೇ ಅಷ್ಟು ಬಡಿದಾಡೋರು
ಕುರ್ಚಿ ಇಲ್ಲದೆ ಎರಡು ಗಂಟೆ ಹೇಗಿರ್ತಾರೆ, ಅಂದ.
ನಗಬೇಡ, ಕಾಲು ಹಿಡಿ, ಅಂದೆ.
ಕುರ್ಚಿಯ ಕಾಲು.

ತಟ್ಟೆ ಹಿಡಿದವನಿಗೆ ಕಿವಿ ಇರುವುದಿಲ್ಲ.
ಏಡಿಮಾಂಸದ ಉಂಡೆಯನ್ನು ನನ್ನ ತಟ್ಟೆಯ ಸಾಸಿನಲ್ಲಿ ಅದ್ದುತ್ತಾ
ಒಬ್ಬ ಸೆನೆಟರ್ ಫೋನಿನಲ್ಲಿ ಹೆಂಡತಿಗೆ:
ನಾಳೆ ಹತ್ತರೊಳಗೆ ಎಲ್ಲಾ ಮಾರಿಬಿಡು ಚಿನ್ನ,
ಯಾಕೆ ಅಂತ ಕೇಳಬೇಡ.
ಗುರುವಾರ ನೆಲಮಾಳಿಗೆಯ ಟೀವಿಯಲ್ಲಿ
ಆ ಶೇರಿನ ಕೆಂಪು ಗೆರೆ
ನಮ್ಮ ಮೆಟ್ಟಿಲಿನ ಹಾಗೆಯೇ ಇಳಿಯಿತು.

ನೆಲಮಾಳಿಗೆಯಲ್ಲಿ ಈಗ ಟೀವಿ ಎರಡು.
ಈ ಮೂಲೆ ರೊಸೆಟ್ಟಾ ಟಿಬ್ಸ್‌ದು, ಆ ಮೂಲೆ ಡ್ವೇನ್ ಕೆಸ್ಲರ್‌ದು.
ಒಂದೇ ಸೀಸೆಯ ಖಾರ ಹಂಚಿಕೊಂಡು ಉಂಡವರು;
ಅವಳ ಮೊಮ್ಮಗಳ ಹಲ್ಲಿನ ತಂತಿಗೆ
ಇನ್ನೂರು ಡಾಲರ್ ಕೊಟ್ಟು, ವಾಪಸು ಬೇಡ ಅಂದಿದ್ದ.
ಆಮೇಲೆ ಒಂದು ಚುನಾವಣೆ ಬಂತು. ಅದು ಮುಗಿಯಲೇ ಇಲ್ಲ.

ಇಬ್ಬರ ನಡುವೆ ನಿಂತು ನಾನು ಕೇಳಿಸಿಕೊಂಡದ್ದನ್ನು ಹೇಳಿದೆ.
ಇಬ್ಬರೂ ಒಟ್ಟಿಗೇ ಕೇಳಿದರು:
ಯಾವ ಪಕ್ಷದವನು?

ನಾಲ್ಕು ವರ್ಷದಲ್ಲಿ ಅವರು ಕೂಡಿ ಆಡಿದ್ದು ಅದೊಂದೇ ಮಾತು.
ನಾನು ಹೇಳಲಿಲ್ಲ.
ಸಿಟ್ಟು ಇಬ್ಬರ ಗಂಟಲಲ್ಲೂ
ಟೋಕನ್ ಸಿಗದವರ ಹಾಗೆ ನಿಂತುಕೊಂಡಿತು.
ನಮ್ಮವನಾದರೆ ಜಾಣ, ಅವರವನಾದರೆ ಕಳ್ಳ:
ಎರಡು ಶಬ್ದವೂ ಸಿದ್ಧವಾಗಿದ್ದವು,
ಹೆಸರು ಒಂದು ಬೇಕಿತ್ತು.

ಶುಕ್ರವಾರ ರಾತ್ರಿ ಪೆಲ್ಟಿಯರ್ ಸಾಹೇಬರು
ರೊಸೆಟ್ಟಾಳ ಚೀಲ ಬಿಚ್ಚಿಸಿದರು.
ಹನ್ನೊಂದು ಏಡಿ ಉಂಡೆ, ಕಾಗದದ ನ್ಯಾಪ್‌ಕಿನ್ನಿನಲ್ಲಿ,
ಹತ್ತು ನಿಮಿಷ ಬಿಟ್ಟಿದ್ದರೆ ಕಸದ ಡಬ್ಬಿಗೆ ಹೋಗುತ್ತಿದ್ದವು.
ಫಾರಮಿನಲ್ಲಿ ಅದಕ್ಕೊಂದು ಚೌಕವೇ ಇದೆ:
‘ಒಳಗಿನವರಿಂದ ಕಳ್ಳತನ’.
ಪೆನ್ನು ಚೆನ್ನಾಗಿ ಬರೆಯಿತು.

ರೂಲು ಅಂದರೆ ರೂಲು, ಅಂದ ಡ್ವೇನ್,
ಅಂದಮೇಲೆ ಬಹಳ ಹೊತ್ತು ಶೂ ಲೇಸು ಕಟ್ಟಿದ.
ಅವಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.
ನಾನು ಕುರ್ಚಿ ಎಣಿಸುತ್ತಿದ್ದೆ.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ.
ನಾನು ಉಂಡಿಲ್ಲ, ಹಾಗಾಗಿ ಎಣಿಸಬಲ್ಲೆ,
ಎಂದು ಹದಿನಾರು ವರ್ಷ ಅಂದುಕೊಂಡಿದ್ದೆ.

ಎಲ್ಲರೂ ಹೋದರು. ದೀಪ ಅರ್ಧ ಆರಿಸಿದೆ.
ಇನ್ನೂರ ಹನ್ನೊಂದು.
ಒಂದನ್ನು ಹಾಲಿನ ನಡುವೆ ಎಳೆದು
ಜೇಬಿನಿಂದ ನಿಂಬೆ ಕೇಕು ತೆಗೆದೆ.
ನನ್ನ ಜೇಬನ್ನು ಯಾರೂ ಬಿಚ್ಚಿಸಿರಲಿಲ್ಲ.

ಕೂತು ತಿಂದೆ.
ಹಾಗಾದರೆ ಇದು ಉಡುಗೊರೆ.
ಕೊಟ್ಟವರು ಯಾರು, ನನ್ನಿಂದ ಏನು ಕೊಂಡರು,
ಯೋಚಿಸುತ್ತಾ
ಬೆರಳು ನೆಕ್ಕಿಕೊಂಡೆ.